ಹತ್ತಿಯ ಅಂಗಮಾರಿ: ರೋಗಾಣುವಿನ ಉಗ್ರತೆಯು ಸ್ವಭಾವವೇ, ನಿಯಮಾಧೀನವೇ?

೧. ಪೀಠಿಕೆ

ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದು ೧೯೯೭ರಲ್ಲಿ ಪ್ರತ್ಯೇಕವಾದ ಹಾವೇರಿ ಜಿಲ್ಲೆಯು ಅರಳೆಗೂ ಮೆಣಸಿನಕಾಯಿಗೂ ಬಹುಕಾಲದಿಂದ ಹೆಸರಾದ ಸೀಮೆ. ಬ್ಯಾಡಗಿಯ ಪೇಟೆಯ ಮೆಣಸಿನಕಾಯಿಯನ್ನು ಅರಿಯದ ಮನೆ ಕನ್ನಡನಾಡಿನಲ್ಲಿ ವಿರಳ. ರಾಣೆಬೆನ್ನೂರು, ಹಲಗೇರಿ, ಹಾವೇರಿಗಳ ಸುತ್ತಣ ಊರುಗಳಲ್ಲಿ ಹತ್ತಿಯ ಸಾಗುವಳಿಯೂ, ಈಚಿನ ದಶಕಗಳಲ್ಲಿ ಸಂಕರಬೀಜವನ್ನು ತಯಾರಿಸುವ ಉದ್ಯೋಗವೂ ನಡೆದುಬಂದಿವೆ. ಈ ಹತ್ತಿಗೆ ಬರುವ ರೋಗಗಳಲ್ಲಿ ‘ದುಂಡಾಣು ಅಂಗಮಾರಿ’ ಎಂಬುದೊಂದು. ಎಲೆಯಲ್ಲಿ ನೀರು ನೆನೆದಂತಹ ಮೂಲೆಮೂಲೆಯಾದ ಚುಕ್ಕೆ, ಕಾಂಡದಲ್ಲಿ ಕರಿಯ ಗಾಯ, ಕಾಯಿಯಲ್ಲಿ ಕೊಳೆ, ಅರಳೆಯಲ್ಲಿ ಹಳದಿಯ ಕಲೆ, ಇವು ಅದರ ಲಕ್ಷಣಗಳು.

ಈ ರೋಗದ ಚರಿತ್ರೆಯನ್ನು ಸಾಹಿತ್ಯ ಮತ್ತು ಇತಿಹಾಸಗಳಿಗೆ ಮೀಸಲಾದ ಪತ್ರಿಕೆಯಲ್ಲಿ ವಿಚಾರಿಸುವುದೇಕೆಂದು ವಾಚಕರು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ನಮ್ಮ ವೃಕ್ಷಾಯುರ್ವೇದ ಗ್ರಂಥಗಳಲ್ಲಿ ಈಗಿನ ಸೂಕ್ಷ್ಮಜೀವಿಶಾಸ್ತ್ರವೆಲ್ಲವೂ ಅಡಗಿದೆಯೆಂದು ಕೆಲವರೂ, ಅವುಗಳಲ್ಲಿ ಹುರುಳೇ ಇಲ್ಲವೆಂದು ಮತ್ತೆ ಕೆಲವರೂ ಹೇಳುತ್ತಿರುವರು. ಈ ಎರಡು ಮಾತುಗಳೂ ಗ್ರಂಥಗಳನ್ನು ಓದದೆ ಆಡಿದವು. ಎರಡನೆಯದಾಗಿ, ಕಳೆದ ನಲವತ್ತು ವರ್ಷಗಳಲ್ಲಿ ರೋಗಾಣುವಿನ ವಿಷಯದ ಪ್ರಶ್ನೆಯೇ ಬದಲಾಗಿದೆ. ‘ರೋಗವನ್ನು ಉಂಟುಮಾಡುವುದು ಯಾವುದು?’ ಎಂಬುದು ಹಿಂದಿನ ಪ್ರಶ್ನೆ. ‘ಅದು ಯಾವಾಗ, ಯಾವ ಆಜ್ಞೆಗೆ ಒಳಪಟ್ಟು ಉಗ್ರವಾಗುವುದು?’ ಎಂಬುದು ಇಂದಿನ ಪ್ರಶ್ನೆ. ಈ ಬದಲಾವಣೆಯನ್ನು ಕನ್ನಡದಲ್ಲಿ ಹೇಳಲು ತಕ್ಕ ಪರಿಭಾಷೆಯನ್ನು ಕಟ್ಟುವುದು ಭಾಷೆಯನ್ನು ಕಲಿಸುವವರ ಹೊಣೆಯೂ ಆಗಿದೆ.

೨. ಪ್ರಾಚೀನ ಗ್ರಂಥಗಳ ಸಾಕ್ಷ್ಯ

ನಮ್ಮ ಪ್ರಾಚೀನರು ಗಿಡಮರಗಳ ರೋಗವನ್ನು ಲಕ್ಷಿಸದವರಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಒಂದು ಅಧ್ಯಾಯವನ್ನು ವೃಕ್ಷಾಯುರ್ವೇದಕ್ಕೇ ಮೀಸಲಿಟ್ಟಿದ್ದಾನೆ. ಚಳಿ, ಗಾಳಿ, ಬಿಸಿಲುಗಳಿಂದ ಮರಗಳಿಗೆ ರೋಗ ಬರುವುದೆಂದೂ, ಎಲೆ ಬಿಳಿಚುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಇವು ಅದರ ಕುರುಹುಗಳೆಂದೂ ಅಲ್ಲಿ ಹೇಳಿದೆ. ಚಿಕಿತ್ಸೆಯಾದರೋ ಮೊದಲು ರೋಗ ತಗಲಿದ ಭಾಗವನ್ನು ಶಸ್ತ್ರದಿಂದ ಕೊಯ್ದು ಶುದ್ಧಿಮಾಡುವುದು, ಬಳಿಕ ವಾಯುವಿಡಂಗ, ತುಪ್ಪ, ಕೆಸರುಗಳನ್ನು ಬಳಿದು ಹಾಲುನೀರನ್ನು ಎರೆಯುವುದು. ಸುಮಾರು ಕ್ರಿ.ಶ. ೧೦೦೦ದ ಸುರಪಾಲನ ‘ವೃಕ್ಷಾಯುರ್ವೇದ’ವು ಇದನ್ನು ವಿಸ್ತರಿಸಿ, ವಾತ ಪಿತ್ತ ಕಫಗಳ ಕೋಪದಿಂದ ಒಳಗೆ ಹುಟ್ಟುವ ರೋಗಗಳನ್ನೂ, ಹುಳು, ಚಳಿ ಮೊದಲಾದವುಗಳಿಂದ ಹೊರಗಿನಿಂದ ಬರುವ ಕೇಡುಗಳನ್ನೂ ಬೇರ್ಪಡಿಸಿ ನಿರೂಪಿಸಿದೆ. ಕನ್ನಡದಲ್ಲಿ ಇದೇ ಪರಂಪರೆಗೆ ಸೇರಿದುದು, ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಸುಮಾರು ೧೦೨೫ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’. ಜ್ಯೋತಿಷ, ವಾಸ್ತು, ಜಲಶೋಧನ, ಪಾಕ ಮೊದಲಾದ ವಿಷಯಗಳ ಜೊತೆಗೆ ವೃಕ್ಷಾಯುರ್ವೇದವೂ ಅದರಲ್ಲಿ ಸೇರಿದೆ. ಈಗಿನ ಹಾವೇರಿ ಸೀಮೆಯು ಆಗ ಅದೇ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದಿತೆಂಬುದನ್ನು ನೆನೆದರೆ, ಈ ಗ್ರಂಥವು ನಮ್ಮ ಹೊಲಗಳಿಗೆ ದೂರದ್ದಲ್ಲವೆಂದು ತಿಳಿಯುವುದು.

ಈ ಗ್ರಂಥಗಳಲ್ಲಿ ‘ಕೃಮಿ’ ಎಂಬ ಶಬ್ದವು ಬರುತ್ತದೆ. ಆ ಒಂದು ಶಬ್ದವನ್ನು ಹಿಡಿದು, ನಮ್ಮವರಿಗೆ ಬ್ಯಾಕ್ಟೀರಿಯಗಳು ತಿಳಿದಿದ್ದುವೆಂದು ಸಾಧಿಸಹೊರಡುವುದು ಸಾಧುವಲ್ಲ. ಶಬ್ದದ ಅರ್ಥವನ್ನು ಪ್ರಕರಣದಿಂದ ನಿರ್ಣಯಿಸಬೇಕೆಂಬುದು ಮೀಮಾಂಸಕರಿಗೂ ವೈಯಾಕರಣರಿಗೂ ಸಮ್ಮತವಾದ ನ್ಯಾಯ. ವೃಕ್ಷಚಿಕಿತ್ಸೆಯ ಪ್ರಕರಣದಲ್ಲಿ ಕೃಮಿಯೆಂದರೆ ಎಲೆಯನ್ನು ತಿನ್ನುವ, ಕಾಂಡವನ್ನು ಕೊರೆಯುವ, ಕಣ್ಣಿಗೆ ಕಾಣುವ ಹುಳು. ಹೊಗೆ ಹಾಕುವುದು, ಕೈಯಿಂದ ಆಯ್ದು ತೆಗೆಯುವುದು ಮುಂತಾದ ಉಪಾಯಗಳು ಅಂತಹ ಹುಳುವಿಗೆ ತಕ್ಕವು. ಕಾಣದ ಜೀವಿಯೊಂದು ಎಲೆಯ ರಂಧ್ರದಿಂದ ಒಳಹೊಕ್ಕು ರೋಗವನ್ನುಂಟುಮಾಡುವುದೆಂಬ ಭಾವನೆಯು ಆ ಮಾತಿನಲ್ಲಿ ಇಲ್ಲ.

ಆದರೆ ಪ್ರಾಚೀನರಿಂದ ಕಲಿಯಬೇಕಾದ ಬೇರೊಂದು ಸಂಗತಿಯುಂಟು. ಸುಶ್ರುತಸಂಹಿತೆಯು ರೋಗದ ಬೆಳವಣಿಗೆಯನ್ನು ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ ಎಂದು ಆರು ಕಾಲಗಳಾಗಿ ವಿಂಗಡಿಸಿದೆ. ಕಾರಣವು ಇದ್ದ ಮಾತ್ರಕ್ಕೆ ರೋಗವು ಕಾಣಿಸಿಕೊಳ್ಳುವುದಿಲ್ಲ; ಅದು ಕೂಡಬೇಕು, ಕೆರಳಬೇಕು, ಹರಡಬೇಕು, ನೆಲೆಗೊಳ್ಳಬೇಕು. ಕಾರಣಕ್ಕೂ ಕಾರ್ಯಕ್ಕೂ ನಡುವೆ ಒಂದು ಕ್ರಮವಿದೆಯೆಂಬುದೇ ಈ ವಿಭಾಗದ ತಾತ್ಪರ್ಯ. ಈ ಮಾತನ್ನು ಮುಂದೆ ನೆನಪಿಗೆ ತಂದುಕೊಳ್ಳಬೇಕಾಗುವುದು.

೩. ಜವಾರಿ ಹತ್ತಿಯೂ ವಿಲಾಯತಿ ಹತ್ತಿಯೂ

ಧಾರವಾಡ ಸೀಮೆಯ ಜವಾರಿ ಹತ್ತಿಯು ಸಸ್ಯಶಾಸ್ತ್ರಜ್ಞರು ‘ಗಾಸಿಪಿಯಂ ಹರ್ಬೇಸಿಯಂ’ ಎಂದು ಕರೆಯುವ ಜಾತಿಗೆ ಸೇರಿದುದು. ಅದರ ಅರಳೆಯು ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಹೊರಹೋಗುತ್ತಿದ್ದುದರಿಂದ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. ೧೮೪೦ರ ದಶಕದಲ್ಲಿ ಕಂಪನಿ ಸರ್ಕಾರವು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬೇಕಾದ ಉದ್ದನೆಯ ಎಳೆಗಾಗಿ ಅಮೆರಿಕದ ನ್ಯೂ ಓರ್ಲಿಯನ್ಸ್ ಬೀಜವನ್ನು ತರಿಸಿತು; ಅಮೆರಿಕದ ತೋಟಗಾರರನ್ನೂ ಕರೆಸಿತು. ಇಂಡಿಯಾದ ಅನೇಕ ಕಡೆಗಳಲ್ಲಿ ಆ ಪ್ರಯತ್ನವು ವಿಫಲವಾದರೂ ಧಾರವಾಡದ ಕಲೆಕ್ಟರನಾಗಿದ್ದ ಷಾ ಎಂಬವನ ಪ್ರೋತ್ಸಾಹದಿಂದ ಇಲ್ಲಿ ಫಲಿಸಿತು. ಹಾಗೆ ನೆಲೆನಿಂತ ಬೆಳೆಯೇ ‘ಧಾರವಾಡ-ಅಮೆರಿಕನ್’ ಎಂದು ಲಿವರ್‌ಪೂಲಿನವರೆಗೂ ಹೆಸರಾಯಿತು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಅರಳೆಯು ನಿಂತುಹೋಗಿ ಇಲ್ಲಿಯ ಬೆಲೆಯು ಏರಿತು. ಬೆಲೆಯು ಏರಿದೊಡನೆ ಕಲಬೆರಕೆಯೂ ಹೆಚ್ಚಿತು. ಅದನ್ನು ತಡೆಯಲು ಬೊಂಬಾಯಿ ಸರ್ಕಾರವು ೧೮೬೩ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೊಂಬಾಯಿ ಕೃಷಿಖಾತೆಯ ಜಿ. ಎಲ್. ಕೊಟ್ಟೂರರು ಧಾರವಾಡದಲ್ಲಿ ಈ ಹತ್ತಿಗಳ ತಳಿಗಳನ್ನು ಶೋಧಿಸುವ ಕೆಲಸವನ್ನು ಶಾಸ್ತ್ರೀಯವಾಗಿ ನಡೆಸಿದರು.

ಈ ವಾಣಿಜ್ಯಚರಿತ್ರೆಯು ಬಹುಮಟ್ಟಿಗೆ ಪರಿಚಿತವಾದುದೇ. ಆದರೆ ಅದರೊಳಗೆ ರೋಗದ ಚರಿತ್ರೆಯೊಂದು ಹುದುಗಿದೆ. ನಮ್ಮ ಹರ್ಬೇಸಿಯಂ ಹತ್ತಿಯೂ, ಅದರ ಸೋದರಜಾತಿಯಾದ ‘ಆರ್ಬೋರಿಯಂ’ ಹತ್ತಿಯೂ ಅಂಗಮಾರಿಗೆ ಸಾಮಾನ್ಯವಾಗಿ ಬಗ್ಗುವುದಿಲ್ಲ. ಅಮೆರಿಕದಿಂದ ಬಂದ ‘ಹಿರ್ಸುಟಂ’ ಜಾತಿಯು ಸುಲಭವಾಗಿ ಬಗ್ಗುವುದು. ಈಜಿಪ್ಟಿನ ಹತ್ತಿಯ ಜಾತಿಯಾದ ‘ಬಾರ್ಬಡೆನ್ಸ್’ ಅದಕ್ಕಿಂತಲೂ ಹೆಚ್ಚಾಗಿ ಬಗ್ಗುವುದು. ಹೀಗಿರುವಲ್ಲಿ ೧೯೭೨ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟಾರ್ಕಿಯವರು ಹಿರ್ಸುಟಂ ಜಾತಿಯ ‘ಲಕ್ಷ್ಮಿ’ಯನ್ನು ಬಾರ್ಬಡೆನ್ಸ್ ಜಾತಿಯ ತಳಿಯೊಡನೆ ಕೂಡಿಸಿ ‘ವರಲಕ್ಷ್ಮಿ’ ಎಂಬ ಸಂಕರವನ್ನು ಹೊರತಂದರು. ಎರಡು ಜಾತಿಗಳನ್ನು ಕೂಡಿಸಿ ವಾಣಿಜ್ಯಕ್ಕೆ ಒದಗಿಸಿದ ಇಂತಹ ಹತ್ತಿಯು ಅದೇ ಮೊದಲನೆಯದು. ಎಳೆಯ ಉದ್ದದಲ್ಲಿಯೂ ಇಳುವರಿಯಲ್ಲಿಯೂ ಅದು ರೈತನಿಗೆ ವರವಾಯಿತು. ಆದರೆ ಅದರ ತಂದೆತಾಯಿಗಳಿಬ್ಬರೂ ರೋಗಕ್ಕೆ ಈಡಾಗುವ ಕುಲದವರು. ೨೦೦೨ರಿಂದ ಬಂದ ಬಿ.ಟಿ. ಹತ್ತಿಯು ಕಾಯಿಕೊರಕ ಹುಳುವನ್ನು ತಡೆಯುವ ವಿಷಯದಲ್ಲಿ ಹೊಸ ಶಕ್ತಿಯನ್ನು ಪಡೆದಿದ್ದರೂ, ದುಂಡಾಣುವನ್ನು ತಡೆಯುವ ಗುಣವು ಆ ಶಕ್ತಿಯಲ್ಲಿ ಸೇರಿಲ್ಲ.

ರೋಗಾಣುವು ಎಲ್ಲಿಂದ ಬಂತೆಂಬ ವಾದವು ಏನೇ ಇರಲಿ, ರೋಗಕ್ಕೆ ತಕ್ಕ ಶರೀರವು ಎಲ್ಲಿಂದ ಬಂತೆಂಬುದು ನಿಶ್ಚಿತ. ಉದ್ದನೆಯ ಎಳೆಯನ್ನು ಬಯಸಿದ ಪೇಟೆಯು ಅದನ್ನು ತಂದಿತು.

೪. ರೋಗಕಾರಣದ ವಾದ

ಸಸ್ಯಗಳಿಗೆ ಬ್ಯಾಕ್ಟೀರಿಯಗಳಿಂದ ರೋಗ ಬರಬಹುದೆಂಬುದೇ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ವಿವಾದಗ್ರಸ್ತವಾಗಿತ್ತು. ಅಮೆರಿಕದ ಇಲಿನಾಯಿಯಲ್ಲಿ ಥಾಮಸ್ ಬರಿಲ್ ಎಂಬವರು ೧೮೭೦ರ ದಶಕದ ಕೊನೆಯಲ್ಲಿ ಪೇರ್ ಮರದ ‘ಬೆಂಕಿರೋಗ’ಕ್ಕೆ ಬ್ಯಾಕ್ಟೀರಿಯವೇ ಕಾರಣವೆಂದರು. ಜರ್ಮನಿಯ ಆಲ್ಫ್ರೆಡ್ ಫಿಷರ್ ಎಂಬ ಪಂಡಿತನು ಅದನ್ನು ಒಪ್ಪಲಿಲ್ಲ. ಸತ್ತ ಅಂಗಾಂಶದಲ್ಲಿ ಅವು ಆಮೇಲೆ ಸೇರಿಕೊಂಡವೇ ಹೊರತು ರೋಗಕ್ಕೆ ಕಾರಣವಲ್ಲವೆಂಬುದು ಅವನ ಪಕ್ಷ. ಅಮೆರಿಕದ ಎರ್ವಿನ್ ಸ್ಮಿತ್ ೧೮೯೭ರಿಂದ ೧೯೦೧ರವರೆಗೆ ಅವನೊಡನೆ ವಾದಮಾಡಿ, ರೋಗಿಯಿಂದ ಬೇರ್ಪಡಿಸಿದ ಶುದ್ಧಜೀವಿಯನ್ನು ಆರೋಗ್ಯವಂತ ಗಿಡಕ್ಕೆ ಸೇರಿಸಿ ರೋಗವನ್ನು ಹುಟ್ಟಿಸಿ, ಅದೇ ಜೀವಿಯನ್ನು ಮತ್ತೆ ಪಡೆದು ತೋರಿಸುವ ಕ್ರಮದಿಂದ ಸಿದ್ಧಾಂತವನ್ನು ಸ್ಥಾಪಿಸಿದರು. ಅನ್ವಯವೂ ವ್ಯತಿರೇಕವೂ ಕೂಡಿದಲ್ಲದೆ ಕಾರಣತ್ವವು ಸಿದ್ಧಿಸದೆಂಬ ನಮ್ಮ ತಾರ್ಕಿಕರ ಮಾತಿಗೆ ಇದು ಒಪ್ಪುವ ರೀತಿಯಾಗಿದೆ.

ಹತ್ತಿಯ ಮೂಲೆಚುಕ್ಕೆಯನ್ನು ೧೮೯೧ರಲ್ಲಿ ಅಲಬಾಮದಲ್ಲಿ ಜಾರ್ಜ್ ಅಟ್ಕಿನ್ಸನ್ ವರ್ಣಿಸಿದ್ದರು. ಅದರ ರೋಗಾಣುವಿಗೆ ೧೯೦೧ರಲ್ಲಿ ಹೆಸರಿಟ್ಟವರು ಅದೇ ಸ್ಮಿತ್. ೧೯೩೯ರಲ್ಲಿ ಡೌಸನ್ ಎಂಬವರು ಇಂತಹ ಹಳದಿಯ ಬ್ಯಾಕ್ಟೀರಿಯಗಳಿಗೆ ‘ಜ್ಯಾಂಥೊಮೊನಾಸ್’ ಎಂಬ ಕುಲನಾಮವನ್ನು ಕೊಟ್ಟರು. ಗ್ರೀಕಿನಲ್ಲಿ ‘ಜ್ಯಾಂಥೊಸ್’ ಎಂದರೆ ಹಳದಿ. ಇಂಡಿಯಾದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರು ಪುಣೆಯ ಎಂ. ಕೆ. ಪಟೇಲರು. ಅವರೂ ಅವರ ಸಂಗಡಿಗರೂ ೧೯೪೦ ಮತ್ತು ೧೯೫೦ರ ದಶಕಗಳಲ್ಲಿ ಹತ್ತಿಯ ರೋಗವನ್ನು ಪರೀಕ್ಷಿಸಿದುದಲ್ಲದೆ, ವೀಳ್ಯದೆಲೆಯಂತಹ ನಮ್ಮ ನಾಡಿನ ಬೆಳೆಗಳ ಅನೇಕ ಜ್ಯಾಂಥೊಮೊನಾಸ್‌ಗಳನ್ನು ಗುರುತಿಸಿ ಹೆಸರಿಸಿದರು.

ಇಲ್ಲಿ ಒಂದು ಶಬ್ದವಿಚಾರ. ಬ್ಯಾಕ್ಟೀರಿಯಕ್ಕೆ ಕೃಷಿಕರ ಪುಸ್ತಕಗಳಲ್ಲಿ ‘ದುಂಡಾಣು’ ಎಂಬ ಹೆಸರು ರೂಢವಾಗಿದೆ. ಅವಯವಾರ್ಥವನ್ನು ನೋಡಿದರೆ ದುಂಡಗಿನ ಅಣು. ಆದರೆ ಹತ್ತಿಯ ರೋಗಾಣುವು ದುಂಡಗಿಲ್ಲ; ಒಂದು ತುದಿಯಲ್ಲಿ ಬಾಲವುಳ್ಳ ಕಿರುಕಡ್ಡಿ. ಬ್ಯಾಕ್ಟೀರಿಯವೆಂಬ ಗ್ರೀಕ್ ಮೂಲದ ಮಾತಿಗೂ ಚಿಕ್ಕ ಕೋಲೆಂದೇ ಅರ್ಥ. ಆದರೂ ಯೋಗಕ್ಕಿಂತ ರೂಢಿಯು ಬಲವತ್ತರವಾದುದರಿಂದ ಈ ಲೇಖನದಲ್ಲಿ ದುಂಡಾಣುವೆಂಬ ಮಾತನ್ನೇ ಉಳಿಸಿಕೊಂಡಿದೆ. ‘ಜೀನ್’ ಎಂಬುದಕ್ಕೆ ಮಾತ್ರ ವಂಶವಾಹಿಯೆಂದು ಹೇಳುವುದು ಮೇಲು. ಹತ್ತಿಯ ಪೇಟೆಗಳಲ್ಲಿ ಜಿನ್ ಎಂದರೆ ಅರಳೆಯನ್ನು ಬೀಜದಿಂದ ಬಿಡಿಸುವ ಯಂತ್ರವೆಂದೇ ಎಲ್ಲರೂ ತಿಳಿಯುವರು.

೫. ಉಗ್ರತೆಯ ಶಾಸನ

ದುಂಡಾಣುವು ಬೀಜದ ಮೇಲಣ ನವಿರಿನಲ್ಲಿಯೂ ಬೀಜದೊಳಗೂ ಅಡಗಿದ್ದು, ಮೊಳಕೆಯೊಡನೆ ಎದ್ದು, ಮಳೆಯ ಹನಿಯ ಚಿಮ್ಮುಗೆಯಿಂದ ಎಲೆಯಿಂದೆಲೆಗೆ ಹಾರಿ, ಎಲೆಯ ಸಹಜರಂಧ್ರಗಳಿಂದ ಒಳಹೊಗುವುದು. ನರಗಳು ಗೋಡೆಯಂತೆ ಅಡ್ಡವಾಗುವುದರಿಂದ ಚುಕ್ಕೆಯು ಮೂಲೆಮೂಲೆಯಾಗಿ ಕಾಣುವುದು. ಇಷ್ಟು ತಿಳಿದ ಮೇಲೆಯೂ ಒಂದು ಸಂದೇಹವು ಉಳಿಯಿತು. ಒಂದೇ ದುಂಡಾಣುವು ಒಂದು ತಳಿಯನ್ನು ಸುಡುವುದು, ಪಕ್ಕದ ತಳಿಯನ್ನು ಮುಟ್ಟದಿರುವುದು ಏಕೆ?

೧೯೪೦ರ ದಶಕದಲ್ಲಿ ಅಮೆರಿಕದ ಎಚ್. ಎಚ್. ಫ್ಲಾರ್ ಎಂಬವರು ಅಗಸೆಯ ತುಕ್ಕುರೋಗವನ್ನು ಪರೀಕ್ಷಿಸಿ, ಗಿಡದ ಪ್ರತಿಯೊಂದು ನಿರೋಧಕ ವಂಶವಾಹಿಗೂ ರೋಗಾಣುವಿನಲ್ಲಿ ಅದಕ್ಕೆ ಎದುರಾದ ಒಂದು ವಂಶವಾಹಿಯುಂಟೆಂದು ತೋರಿಸಿದರು. ಅದೇ ಕಾಲದಲ್ಲಿ ಸೂಡಾನಿನಲ್ಲಿ ಆರ್. ಎಲ್. ನೈಟ್ ಎಂಬವರು, ಅಲ್ಲಿಯ ಈಜಿಪ್ಟಿನ ಹತ್ತಿಯನ್ನು ಈ ಅಂಗಮಾರಿಯು ಹಾಳುಮಾಡುತ್ತಿದ್ದುದರಿಂದ, ಬೇರೆ ಬೇರೆ ಹತ್ತಿಗಳಿಂದ ನಿರೋಧಕ ವಂಶವಾಹಿಗಳನ್ನು ಒಂದೊಂದಾಗಿ ಆರಿಸಿ ಸೇರಿಸುತ್ತಿದ್ದರು. ಅವಕ್ಕೆ ಬಿ೧, ಬಿ೨ ಮುಂತಾಗಿ ಸಂಕೇತಗಳನ್ನಿಟ್ಟರು. ಅವುಗಳಲ್ಲಿ ಬಿ೬ ಎಂಬುದನ್ನು ತೆಗೆದದ್ದು ಏಷ್ಯದ ಆರ್ಬೋರಿಯಂ ಹತ್ತಿಯಿಂದ. ಅದು ನಮ್ಮ ಜವಾರಿ ಹತ್ತಿಯ ಸೋದರಜಾತಿಯೆಂದು ಮೇಲೆ ಹೇಳಿದೆ. ಎಳೆ ಗಿಡ್ಡವೆಂದು ಪೇಟೆಯು ಕಡೆಗಣಿಸಿದ ಕುಲವೇ ರೋಗದ ಎದುರಿನಲ್ಲಿ ಗುರಾಣಿಯಾಗಿ ಬೇಕಾಯಿತೆಂಬುದು ಇತಿಹಾಸಜ್ಞರು ಗಮನಿಸತಕ್ಕ ಸಂಗತಿ.

೧೯೮೬ರಲ್ಲಿ ಎರಡು ಮುಖ್ಯಫಲಗಳು ಪ್ರಕಟವಾದುವು. ಡೀನ್ ಗೇಬ್ರಿಯಲ್ ಮತ್ತು ಸಂಗಡಿಗರು ಹತ್ತಿಯ ದುಂಡಾಣುವಿನಿಂದಲೇ ಐದು ವಂಶವಾಹಿಗಳನ್ನು ಬೇರ್ಪಡಿಸಿ, ಅವು ಹತ್ತಿಯ ನಿರ್ದಿಷ್ಟ ನಿರೋಧಕಗಳಿಗೆ ಪ್ರತಿಯಾಗಿ ನಿಲ್ಲುವುವೆಂದು ತೋರಿಸಿದರು. ಲಿಂಡ್‌ಗ್ರೆನ್ ಮತ್ತು ಸಂಗಡಿಗರು ಹುರುಳಿಕಾಯಿಯ ಬೇರೊಂದು ದುಂಡಾಣುವಿನಲ್ಲಿ ‘ಹೆಚ್‌ಆರ್‌ಪಿ’ ಎಂಬ ವಂಶವಾಹಿಗಳ ಗುಂಪನ್ನು ಕಂಡರು. ಈ ಗುಂಪು ಕೆಟ್ಟರೆ ದುಂಡಾಣುವು ಬದುಕಿಯೇ ಇರುವುದು, ರೋಗವನ್ನುಂಟುಮಾಡಲಾರದು. ಬದುಕುವ ಶಕ್ತಿಯು ಬೇರೆ, ಬಾಧಿಸುವ ಶಕ್ತಿಯು ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು. ಮುಂದೆ ತಿಳಿದುಬಂದಂತೆ, ಈ ಗುಂಪು ಕಟ್ಟುವುದು ಸೂಜಿಯಂತಹ ಒಂದು ಯಂತ್ರವನ್ನು. ದುಂಡಾಣುವು ಅದರ ಮೂಲಕ ತನ್ನ ಪ್ರೋಟೀನುಗಳನ್ನು ಗಿಡದ ಜೀವಕೋಶದೊಳಕ್ಕೆ ಚುಚ್ಚಿ ಕಳುಹಿಸುವುದು.

ಈ ಯಂತ್ರವು ಯಾವಾಗಲೂ ಸಿದ್ಧವಾಗಿರುವುದಿಲ್ಲ. ಪುಷ್ಕಳವಾದ ಆಹಾರವುಳ್ಳ ರಸದಲ್ಲಿ ಬೆಳೆಸಿದಾಗ ಈ ವಂಶವಾಹಿಗಳು ಮೌನವಾಗಿರುವುವು. ಗಿಡದೊಳಗಿನ ಬಡ ಆಹಾರದ ಸ್ಥಿತಿಯಲ್ಲಿ ಎಚ್ಚರಗೊಳ್ಳುವುವು. ಜ್ಯಾಂಥೊಮೊನಾಸ್ ಕುಲದಲ್ಲಿ ಈ ಆಜ್ಞೆಗೆ ಎರಡು ಮೆಟ್ಟಿಲುಗಳಿವೆಯೆಂದು ಜರ್ಮನಿಯ ಉಲ್ಲಾ ಬೋನಸ್ ಎಂಬ ವಿದುಷಿಯ ಗುಂಪು ೧೯೯೬ರಲ್ಲಿ ತೋರಿಸಿತು. ‘ಹೆಚ್‌ಆರ್‌ಪಿ-ಜಿ’ ಎಂಬ ನಿಯಾಮಕವು ‘ಹೆಚ್‌ಆರ್‌ಪಿ-ಎಕ್ಸ್’ ಎಂಬುದನ್ನು ಎಬ್ಬಿಸುವುದು. ಎರಡನೆಯದು ಉಳಿದ ವಂಶವಾಹಿಗಳನ್ನು ಎಬ್ಬಿಸುವುದು. ಆ ವಂಶವಾಹಿಗಳ ಮುಂದೆ ಸಾಮಾನ್ಯವಾಗಿ ಒಂದು ಗುರುತಿರುವುದು: ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳ ವಂಶಲಿಪಿಯಲ್ಲಿ ‘ಟಿಟಿಸಿಜಿಸಿ’ ಎಂದು ಬಂದು, ನಡುವೆ ಯಾವುದಾದರೂ ೧೫ ಅಕ್ಷರಗಳಿದ್ದು, ಮತ್ತೆ ‘ಟಿಟಿಸಿಜಿಸಿ’ ಎಂದೇ ಬರುವುದು. ಕಂದಪದ್ಯದಲ್ಲಿ ಪಾದಪಾದದ ಎರಡನೆಯ ಅಕ್ಷರವು ಪ್ರಾಸವನ್ನು ಹಿಡಿದಿರುವಂತೆ, ಇಲ್ಲಿ ನಡುವಣ ಅಕ್ಷರಗಳು ಏನೇ ಆಗಿರಲಿ, ನಿಯತಸ್ಥಾನದ ಆವೃತ್ತಿಯೇ ನಿಯಮದ ಗುರುತು.

ಸೂಜಿಯ ಮೂಲಕ ಹೋಗುವ ಪ್ರೋಟೀನುಗಳಲ್ಲಿ ಒಂದು ವರ್ಗವು ಇನ್ನೂ ವಿಚಿತ್ರವಾದುದು. ಅದರ ಮೊದಲ ಉದಾಹರಣೆಯನ್ನು ೧೯೮೯ರಲ್ಲಿ ಬೋನಸ್ ಮತ್ತು ಸಂಗಡಿಗರು ಮೆಣಸಿನಗಿಡದ ದುಂಡಾಣುವಿನಿಂದ ತೆಗೆದರು. ಬ್ಯಾಡಗಿಯ ಬೆಳೆಯೂ ಆ ಮೆಣಸಿನ ಜಾತಿಯದೇ. ಈ ವರ್ಗದ ಪ್ರೋಟೀನುಗಳಲ್ಲಿ ೩೪ ಘಟಕಗಳ ಒಂದು ವಾಕ್ಯವು ಮತ್ತೆ ಮತ್ತೆ ಬರುವುದು. ೧೨ ಮತ್ತು ೧೩ನೆಯ ಸ್ಥಾನಗಳಲ್ಲಿ ಮಾತ್ರ ವ್ಯತ್ಯಾಸವು ಹೆಚ್ಚು. ಆ ವ್ಯತ್ಯಾಸಕ್ಕೆ ಅರ್ಥವೇನೆಂಬುದು ಇಪ್ಪತ್ತು ವರ್ಷ ಒಗಟಾಗಿತ್ತು. ೨೦೦೯ರಲ್ಲಿ ಜರ್ಮನಿಯ ಜೆನ್ಸ್ ಬಾಕ್ ಮತ್ತು ಸಂಗಡಿಗರೂ, ಅಮೆರಿಕದ ಮಾಸ್ಕೊ ಮತ್ತು ಬೊಗ್ಡನೋವರೂ ಬೇರೆಬೇರೆಯಾಗಿ ಅದನ್ನು ಬಿಡಿಸಿದರು. ಆ ಸ್ಥಾನದ ಒಂದೊಂದು ಜೋಡಿಯೂ ಗಿಡದ ವಂಶಲಿಪಿಯ ಒಂದೊಂದು ಅಕ್ಷರವನ್ನು ಸೂಚಿಸುವುದು. ಕಟಪಯಾದಿ ಕ್ರಮದಲ್ಲಿ ವರ್ಣಗಳನ್ನು ಓದಿ ಅಂಕಗಳನ್ನು ಪಡೆಯುವಂತೆ, ಈ ಪ್ರೋಟೀನನ್ನು ಓದಿ ಅದು ಗಿಡದ ಯಾವ ವಂಶವಾಹಿಯ ಬಾಗಿಲಲ್ಲಿ ನಿಲ್ಲುವುದೆಂದು ಹೇಳಬಹುದಾಯಿತು.

ಹತ್ತಿಯ ದುಂಡಾಣುವಿನಲ್ಲಿ ಈ ವರ್ಗಕ್ಕೆ ಸೇರಿದುದು ‘ಎವಿಆರ್-ಬಿ೬’. ೨೦೧೭ರಲ್ಲಿ ಪ್ರಕಟವಾದ ಸಂಶೋಧನೆಯಂತೆ ಅದು ಹತ್ತಿಯ ‘ಸ್ವೀಟ್೧೦’ ಎಂಬ ವಂಶವಾಹಿಯನ್ನು ಎಬ್ಬಿಸುವುದು. ಅದು ಸಕ್ಕರೆಯನ್ನು ಜೀವಕೋಶದಿಂದ ಹೊರಕ್ಕೆ ಬಿಡುವ ದ್ವಾರ. ಗಿಡದ ಉಗ್ರಾಣದ ಬಾಗಿಲನ್ನು ಗಿಡದ ಕೈಯಿಂದಲೇ ತೆಗೆಸುವ ಉಪಾಯವಿದು. ಬಿ೬ ನಿರೋಧಕವುಳ್ಳ ಹತ್ತಿಯು ಇದೇ ಪ್ರೋಟೀನಿನ ಸುಳಿವನ್ನು ಹಿಡಿದು ರೋಗಾಣುವನ್ನು ತಡೆಯುವುದು. ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಈಚಿನ ಹೊಲಗಳಿಂದ ತೆಗೆದ ದುಂಡಾಣುಗಳು ಎವಿಆರ್-ಬಿ೬ ಅನ್ನು ಬಿಟ್ಟುಕೊಟ್ಟು, ಅದೇ ಕುಲದ ಬೇರೆ ಸಕ್ಕರೆದ್ವಾರಗಳನ್ನು ಬೇರೆ ಕೀಲಿಯಿಂದ ತೆರೆಯುತ್ತಿರುವುದನ್ನು ಅದೇ ಸಂಶೋಧಕರು ಕಂಡರು.

೬. 'ಜೀವಪೊರೆ'ಯ ಕಟ್ಟುವಿಕೆ, ಕಳಚುವಿಕೆ

ಮೇಲೆ ಹೇಳಿದುದು ಒಂದು ದುಂಡಾಣುವಿನೊಳಗಿನ ಆಜ್ಞೆ. ಅನೇಕ ದುಂಡಾಣುಗಳು ಸೇರಿದಾಗ ನಡೆಯುವ ಆಜ್ಞೆಯು ಇನ್ನೊಂದು. ಅವು ಅಂಟುಲೋಳೆಯನ್ನು ಸುರಿಸಿ, ಅದರಲ್ಲಿ ಒಟ್ಟಾಗಿ ಹುದುಗಿ ಪದರವಾಗಿ ನಿಲ್ಲುವುವು. ಇದನ್ನು ಬಯೋಫಿಲ್ಮ್ ಎನ್ನುವರು, ಜೀವಪೊರೆಯೆಂದು ಕನ್ನಡಿಸಬಹುದು. ಜ್ಯಾಂಥೊಮೊನಾಸ್‌ಗಳ ಲೋಳೆಗೆ ಜ್ಯಾಂಥನ್ ಎಂದು ಹೆಸರು. ಅಮೆರಿಕದ ಪಿಯೋರಿಯಾದ ಸರ್ಕಾರಿ ಪ್ರಯೋಗಶಾಲೆಯಲ್ಲಿ ಅಲೀನ್ ಜೀನ್ಸ್ ಮತ್ತು ಸಂಗಡಿಗರು ಅದನ್ನು ಶೋಧಿಸಿದ ಮೇಲೆ ಅದು ಆಹಾರವಸ್ತುಗಳನ್ನು ಮಂದಮಾಡುವ ಅಂಟಾಗಿ ಲೋಕಪ್ರಸಿದ್ಧವಾಯಿತು. ಅದನ್ನು ಕಟ್ಟಲು ದುಂಡಾಣುವಿನಲ್ಲಿ ‘ಗಮ್’ ಎಂಬ ೧೨ ವಂಶವಾಹಿಗಳ ಸಾಲಿದೆ. ಬಿಸಿಲು, ಒಣಹವೆ, ಗಿಡದ ಪ್ರತಿವಿಷಗಳಿಂದ ಈ ಪೊರೆಯು ರಕ್ಷೆಯನ್ನು ಕೊಡುವುದು.

ಆದರೆ ಕೋಟೆಯಲ್ಲಿಯೇ ಕುಳಿತರೆ ದಂಡಯಾತ್ರೆಯು ಸಾಗದು. ಯಾವಾಗ ಕೂಡಿರಬೇಕು, ಯಾವಾಗ ಚೆದರಬೇಕು ಎಂಬ ತೀರ್ಮಾನಕ್ಕೆ ದುಂಡಾಣುಗಳು ತಮ್ಮ ಸಂಖ್ಯೆಯನ್ನು ಅರಿಯಬೇಕು. ಒಂದೊಂದೂ ಅತ್ಯಲ್ಪವಾದ ಒಂದು ದ್ರವ್ಯವನ್ನು ಹೊರಬಿಡುವುದು. ದ್ರವ್ಯವು ಒಂದು ಮಿತಿಯನ್ನು ಮುಟ್ಟಿದರೆ ಸಂಖ್ಯೆಯು ಸಾಲುವಷ್ಟಾಯಿತೆಂದು ಅರ್ಥ. ಸಭೆಗೆ ಕೋರಂ ಆದ ಮೇಲೆ ಕಲಾಪವು ಆರಂಭವಾಗುವಂತೆ. ಇದನ್ನು ಗಣಪೂರ್ತಿಸಂವೇದನೆಯೆಂದು ಕರೆಯಬಹುದು. ಬೆಳಕು ಸೂಸುವ ಸಮುದ್ರದ ಬ್ಯಾಕ್ಟೀರಿಯಗಳಲ್ಲಿ ೧೯೭೦ರಲ್ಲಿ ಇದರ ಸುಳಿವು ಸಿಕ್ಕಿತು. ಎಲೆಕೋಸಿನ ಜ್ಯಾಂಥೊಮೊನಾಸ್‌ನಲ್ಲಿ ಮೈಕೇಲ್ ಡೇನಿಯಲ್ಸ್ ಮತ್ತು ಸಂಗಡಿಗರು ೧೯೯೧ರಲ್ಲಿ ‘ಆರ್‌ಪಿಎಫ್’ ಎಂಬ ವಂಶವಾಹಿಗಳ ಗುಂಪನ್ನೂ, ೧೯೯೭ರಲ್ಲಿ ಅದರಿಂದ ಹುಟ್ಟುವ ಹರಡುವ ಸಂಕೇತವನ್ನೂ ಬೆಳಕಿಗೆ ತಂದರು. ಆ ಸಂಕೇತವು ೧೨ ಇಂಗಾಲಗಳ ಸರಪಣಿಗೆ ಒಂದು ಕವಲುಳ್ಳ ಕೊಬ್ಬಿನಾಮ್ಲವೆಂದು ೨೦೦೪ರಲ್ಲಿ ಸಿಂಗಪುರದ ವಿದ್ವಾಂಸರು ನಿರ್ಣಯಿಸಿದರು.

೨೦೦೩ರಲ್ಲಿ ಮ್ಯಾಕ್ಸ್ ಡೌ ಮತ್ತು ಸಂಗಡಿಗರು ತೋರಿಸಿದ ಸಂಗತಿಯು ಮಹತ್ವದ್ದು. ಈ ಸಂಕೇತವನ್ನು ತಯಾರಿಸಲಾರದ ಎಲೆಕೋಸಿನ ದುಂಡಾಣುಗಳು ಗೊಂಚಲುಗಟ್ಟಿ ಬಿಡಿಸಿಕೊಳ್ಳಲಾರದೆ ಉಳಿದುವು. ಸಂಕೇತದ್ರವ್ಯವನ್ನು ಬೆರೆಸಿದೊಡನೆ ಗೊಂಚಲು ಕಳಚಿತು. ಇಂತಹ ದುಂಡಾಣುಗಳ ರೋಗಶಕ್ತಿಯೂ ಕುಗ್ಗಿದುದು ಮೊದಲೇ ತಿಳಿದಿತ್ತು. ಸಂಕೇತವನ್ನು ‘ಆರ್‌ಪಿಎಫ್-ಸಿ’ ಎಂಬುದು ಹೊರಗೆ ಗ್ರಹಿಸಿ ಒಳಗಿನ ‘ಆರ್‌ಪಿಎಫ್-ಜಿ’ಗೆ ತಿಳಿಸುವುದು. ಎರಡನೆಯದು ‘ಸೈಕ್ಲಿಕ್ ಡೈ-ಜಿಎಂಪಿ’ ಎಂಬ ಒಳಸಂದೇಶವನ್ನು ಮುರಿಯುವುದೆಂದು ೨೦೦೬ರಲ್ಲಿ ಸಿದ್ಧವಾಯಿತು. ಆ ಒಳಸಂದೇಶವು ಹೆಚ್ಚಾಗಿದ್ದರೆ ನಿಲ್ಲುವುದು, ಅಂಟುವುದು. ಕಡಮೆಯಾದರೆ ಚಲಿಸುವುದು, ಗಿಡದ ಗೋಡೆಯನ್ನು ಕರಗಿಸುವ ಕಿಣ್ವಗಳನ್ನು ಸುರಿಸುವುದು. ಈ ‘ಆರ್‌ಪಿಎಫ್’ ಗುಂಪು ಜ್ಯಾಂಥೊಮೊನಾಸ್ ಕುಲದಲ್ಲಿ ವ್ಯಾಪಕವಾಗಿದೆ. ಬತ್ತದ ಎಲೆಯಂಗಮಾರಿಯ ದುಂಡಾಣುವಿನಲ್ಲಿ ಅದನ್ನು ಕೆಡಿಸಿದರೆ ರೋಗಶಕ್ತಿಯು ಕುಗ್ಗುವುದೆಂದೂ, ಕಬ್ಬಿಣವು ವಿರಳವಾದಲ್ಲಿ ಬೆಳೆಯಲು ತೊಡಕಾಗುವುದೆಂದೂ ಹೈದರಾಬಾದಿನಲ್ಲಿ ಸುಭದೀಪ ಚಟರ್ಜಿ ಮತ್ತು ರಮೇಶ ಸೋಂಟಿಯವರು ೨೦೦೨ರಲ್ಲಿ ಪ್ರಕಟಿಸಿದರು.

ಹಾಗಾದರೆ ಸಂಕೇತವನ್ನು ಕೆಡಿಸಿದರೆ ರೋಗವು ಯಾವಾಗಲೂ ಕುಗ್ಗುವುದೆಂದು ಉತ್ಸರ್ಗವನ್ನು ವಿಧಿಸಬಹುದೇ? ಕೂಡದು, ಅದಕ್ಕೆ ಅಪವಾದವಿದೆ. ಇದೇ ಬಳಗದ ‘ಕ್ಸೈಲೆಲ್ಲಾ’ ಎಂಬ ದುಂಡಾಣುವು ದ್ರಾಕ್ಷಿಯ ನಾಳಗಳಲ್ಲಿ ವಾಸಿಸಿ ಹುಳುವಿನ ಬಾಯಿಂದ ಗಿಡಗಿಡಕ್ಕೆ ಹೋಗುವುದು. ಅದರಲ್ಲಿ ಇದೇ ಸಂಕೇತವನ್ನು ಕೆಡಿಸಿದಾಗ ಗಿಡಕ್ಕೆ ಬಾಧೆಯು ಹೆಚ್ಚಿತು. ಆದರೆ ಹುಳುವಿನ ಬಾಯಲ್ಲಿ ಅಂಟಿ ನಿಲ್ಲುವ ಶಕ್ತಿಯು ತಪ್ಪಿ, ಹರಡುವುದು ನಿಂತಿತು. ಒಂದೇ ಆಜ್ಞಾಶಬ್ದವು ಬೇರೆ ಬೇರೆ ಜೀವನಕ್ರಮಗಳಲ್ಲಿ ಬೇರೆ ಬೇರೆ ಕಾರ್ಯವನ್ನು ವಿಧಿಸುವುದೆಂಬುದಕ್ಕೆ ಇದು ನಿದರ್ಶನ.

೭. ಉಪಸಂಹಾರ

ಇದರಿಂದ ಸಿದ್ಧವಾಗುವುದೇನೆಂದರೆ, ರೋಗಾಣುವಿನ ಉಗ್ರತೆಯು ಬೆಂಕಿಯ ಬಿಸಿಯಂತೆ ಅದನ್ನು ಎಂದೂ ಬಿಡದ ಸ್ವಭಾವವಲ್ಲ. ಆಹಾರದ ಸ್ಥಿತಿ, ಕೂಡಿದ ಸಂಖ್ಯೆ, ಎದುರಿನ ಗಿಡದ ಕುಲ ಇವುಗಳನ್ನು ಅನುಸರಿಸಿ ಎದ್ದು ಅಡಗುವ, ನಿಯಮಕ್ಕೆ ಒಳಪಟ್ಟ ವ್ಯಾಪಾರ. ಸುಶ್ರುತನ ಸಂಚಯ, ಪ್ರಕೋಪ, ಪ್ರಸರಗಳನ್ನು ಇಲ್ಲಿ ನೆನೆಯುವುದು ಸಹಜ. ಜೀವಪೊರೆಯಲ್ಲಿ ಕೂಡುವುದು, ಗಣಪೂರ್ತಿಯಾಗಿ ಕೆರಳುವುದು, ಕಳಚಿ ಹರಡುವುದು ಇವು ಆ ಹೆಸರುಗಳಿಗೆ ಚೆನ್ನಾಗಿ ಹೊಂದುವುವು. ಆದರೆ ಸಾದೃಶ್ಯವು ಪ್ರಮಾಣವಲ್ಲ. ಸುಶ್ರುತನು ಹೇಳಿದ್ದು ಮನುಷ್ಯದೇಹದ ದೋಷಗಳನ್ನು, ಕಾಣದ ಜೀವಿಗಳನ್ನಲ್ಲ. ಅವನಿಗೆ ಸಲ್ಲಬೇಕಾದ ಗೌರವವು ರೋಗವನ್ನು ಕ್ರಮವಾಗಿ ನೋಡಿದುದಕ್ಕೆ ಸಲ್ಲತಕ್ಕದ್ದು. ಅದಕ್ಕೆ ಮೀರಿದುದನ್ನು ಅವನ ತಲೆಗೆ ಕಟ್ಟುವುದು ಅವನಿಗೂ ಗೌರವವಲ್ಲ, ಒಂದೊಂದು ಸಂಗತಿಗೂ ವರ್ಷಗಟ್ಟಲೆ ದುಡಿದ ಪ್ರಯೋಗಶಾಲೆಗಳವರಿಗೂ ನ್ಯಾಯವಲ್ಲ. ಆ ಹೆಸರುಗಳನ್ನು ಪರಿಭಾಷೆಯಾಗಿ ಪಡೆಯುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಅರ್ಥವನ್ನು ಹೊಸದಾಗಿ ವಿಧಿಸಿ ಹೇಳಿದರಾಯಿತು.

ಈ ಸಿದ್ಧಾಂತದಿಂದ ಹೊಲಕ್ಕೆ ಬರುವ ಫಲವೂ ಇದೆ. ಒಂದೇ ನಿರೋಧಕವನ್ನು ನಂಬಿ ಒಂದೇ ತಳಿಯನ್ನು ಸೀಮೆಯೆಲ್ಲ ಬಿತ್ತಿದರೆ, ಒಂದು ಕೀಲಿಯನ್ನು ಬದಲಿಸುವುದರಿಂದಲೇ ದುಂಡಾಣುವು ಗೆಲ್ಲುವುದು. ಅಮೆರಿಕದಲ್ಲಿ ದಶಕಗಳ ಕಾಲ ಅಡಗಿದ್ದ ಹತ್ತಿಯ ಅಂಗಮಾರಿಯು ೨೦೧೧ರಿಂದ ಮತ್ತೆ ತಲೆಯೆತ್ತಿತು. ರೋಗಕ್ಕೆ ಬಗ್ಗುವ ತಳಿಗಳನ್ನು ವಿಸ್ತಾರವಾಗಿ ಬಿತ್ತಿದುದು ಅದಕ್ಕೆ ಒಂದು ಕಾರಣವೆಂದು ಅಲ್ಲಿಯವರೇ ಹೇಳಿರುವರು. ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳನ್ನು ಸಿಂಪಡಿಸುವುದೂ ನಿರಂತರವಾದ ಪರಿಹಾರವಲ್ಲ. ಅವು ಮನುಷ್ಯರ ಚಿಕಿತ್ಸೆಗೂ ಬೇಕಾದುವು. ಬಳಸಿದಷ್ಟೂ ಅವುಗಳಿಗೆ ಬಗ್ಗದ ಅಣುಗಳು ಹೆಚ್ಚುವುವು. ದುಂಡಾಣುವನ್ನು ಕೊಲ್ಲದೆ ಅದರ ಸಂಕೇತವನ್ನು ಕೆಡಿಸುವ, ಅಥವಾ ಗಿಡದ ಸಕ್ಕರೆದ್ವಾರದ ಬಾಗಿಲಿನ ಅಕ್ಷರಗಳನ್ನು ಬದಲಿಸಿ ಕೀಲಿಯು ಹೊಂದದಂತೆ ಮಾಡುವ ದಾರಿಗಳನ್ನು ವಿದ್ವಾಂಸರು ಈಗ ಹುಡುಕುತ್ತಿರುವರು. ಬತ್ತದಲ್ಲಿ ಎರಡನೆಯ ದಾರಿಯು ಫಲಿಸಿದೆ.

ನಮ್ಮ ಸೀಮೆಗೆ ಇದರಲ್ಲಿ ವಿಶೇಷವಾದ ಹೊಣೆಯುಂಟು. ಹಿಂದಿನ ಸಂಜೆ ಮೊಗ್ಗಿನ ಕೇಸರವನ್ನು ಬಿಡಿಸಿ, ಮರುದಿನ ಬೆಳಗ್ಗೆ ಬೇರೊಂದರ ಪರಾಗವನ್ನು ಸವರಿ, ಹೂವೊಂದೊಂದನ್ನೂ ಕೈಯಿಂದ ಕೂಡಿಸುವ ಸಂಕರಬೀಜದ ಕೆಲಸವು ರಾಣೆಬೆನ್ನೂರು ಹಲಗೇರಿಗಳ ಸುತ್ತಿನ ಹೊಲಗಳಲ್ಲಿ ಬಹುಮಂದಿ ಹೆಂಗಸರ ದುಡಿಮೆಯಿಂದ ನಡೆದುಬಂದಿದೆ. ಈ ರೋಗವಾದರೋ ಬೀಜದೊಡನೆ ಪ್ರಯಾಣಮಾಡುವುದು. ಹೊಲವೊಂದರ ಚುಕ್ಕೆಯು ಚೀಲದಲ್ಲಿ ಕುಳಿತು ದೂರದ ಜಿಲ್ಲೆಯನ್ನು ಮುಟ್ಟಬಲ್ಲದು. ಗಂಧಕಾಮ್ಲದಿಂದ ಬೀಜದ ನವಿರನ್ನು ತೆಗೆಯುವ ಶುದ್ಧಿಯು ಹೊರಗಿನ ಅಣುಗಳನ್ನು ಕಳೆಯುವುದು. ಒಳಗಿನವಕ್ಕೆ ರೋಗವಿಲ್ಲದ ಹೊಲದ ಆಯ್ಕೆಯೇ ಉಪಾಯ. ವರಾಹಮಿಹಿರನು ರೋಗ ತಗಲಿದುದನ್ನು ಮೊದಲು ಕೊಯ್ದು ತೆಗೆಯಬೇಕೆಂದು ವಿಧಿಸಿದನು. ಅವನಿಗೆ ಕಾರಣವು ತಿಳಿದಿರಲಿಲ್ಲ, ವಿಧಿಯು ಸರಿಯಾಗಿತ್ತು. ನಮಗೆ ಕಾರಣವೂ, ಅದರ ಆಜ್ಞೆಯ ಮಾರ್ಗವೂ, ಒಂದು ಮಟ್ಟಿಗೆ ಅದರ ಲಿಪಿಯೂ ತಿಳಿದಿವೆ. ಜವಾರಿ ಹತ್ತಿಯ ಕುಲವನ್ನು ಬೀಜಭಂಡಾರಗಳಲ್ಲಿ ಮಾತ್ರವಲ್ಲದೆ ಹೊಲದ ಒಂದು ಮೂಲೆಯಲ್ಲಾದರೂ ಉಳಿಸಿಕೊಳ್ಳುವುದು ಆ ತಿಳಿವಿಗೆ ತಕ್ಕ ಆಚಾರವಾಗಿದೆ.